ಮರ ಕಡಿಯುವ ಮೊದಲು ಒಂದು ಎಣಿಕೆ

ಮಾನಂದವಾಡಿಯಿಂದ ಕಾಟ್ಟಿಕುಳದ ಮೂಲಕ ಹೆಗ್ಗಡದೇವನಕೋಟೆಯ ಕಡೆಗೆ ಸಾಗುವವರಿಗೆ ಕೇರಳದ ನೆಲ ಮುಗಿಯುವಲ್ಲಿ ಎದುರಾಗುವ ಊರು ಬಾವಲಿ. ಗಡಿಯ ತಪಾಸಣಾ ಠಾಣೆಯ ಕಾರಣದಿಂದ ಈ ಹೆಸರು ಎರಡೂ ರಾಜ್ಯಗಳ ವಾಹನ ಚಾಲಕರಿಗೆ ಚಿರಪರಿಚಿತ. ಊರಿನ ಹೆಸರು ಹಾಗಿರಲಿ. ಅದೇ ಹೆಸರಿನ ಪ್ರಾಣಿ ವಯನಾಡಿನ ಆಲದ ಮರಗಳಲ್ಲಿ, ಹಳೆಯ ಹೆಂಚಿನ ಮನೆಗಳ ಅಟ್ಟಗಳಲ್ಲಿ, ಬಂಡೆಗಳ ಬಿರುಕುಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದೆ. ಆ ಮರವನ್ನು ಕಡಿದು, ಆ ಮನೆಯನ್ನು ಕೆಡವಿ, ಆ ಬಂಡೆಯನ್ನು ಒಡೆದು ಹೊಸ ಕಟ್ಟಡ ಕಟ್ಟಲು ಹೊರಟವನಿಗೆ ಅಲ್ಲಿ ಯಾವ ಜೀವಿ ವಾಸವಾಗಿದೆಯೆಂದು ಕೇಳುವ ಅಧಿಕಾರಿ ಇದ್ದಾನೆಯೇ ಎಂಬುದು ಈ ವಾರದ ಪ್ರಶ್ನೆ. ಪ್ರಶ್ನೆ ಬಾವಲಿಯ ಮೇಲಿನ ಕನಿಕರಕ್ಕಷ್ಟೇ ಸೇರಿದ್ದಲ್ಲ. 2018ರಿಂದ ಈಚೆಗೆ ಅದು ಮನೆಯ ಮಕ್ಕಳ ಆರೋಗ್ಯಕ್ಕೂ ಸೇರಿದ ಪ್ರಶ್ನೆಯಾಗಿದೆ.

ಮೊದಲು ಕಾನೂನು ಏನನ್ನು ಕೇಳುತ್ತದೆಯೆಂದು ನೋಡಬೇಕು. ಗ್ರಾಮ ಪಂಚಾಯತಿನ ವ್ಯಾಪ್ತಿಯಲ್ಲಿ ಕಟ್ಟಡ ಕಟ್ಟುವವರು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳಿಗೆ ಬದ್ಧರು. ರಸ್ತೆಯಿಂದ ಎಷ್ಟು ದೂರ ಬಿಡಬೇಕು, ನಿವೇಶನದ ಎಷ್ಟು ಭಾಗದಲ್ಲಿ ಗೋಡೆ ಏಳಬಹುದು, ವಾಹನ ನಿಲ್ಲಿಸಲು ಎಷ್ಟು ಜಾಗ ಬೇಕು, ಮಳೆನೀರು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿ ವಿವರವಾಗಿದೆ. ವಯನಾಡಿಗೆ ಇದಲ್ಲದೆ ಮತ್ತೊಂದು ಕಟ್ಟುಪಾಡೂ ಇದೆ. 2015ರ ಜೂನ್‌ನಲ್ಲಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿತು. ಮಣ್ಣು ಕುಸಿಯುವ ಲಕ್ಕಿಡಿ ಪ್ರದೇಶದಲ್ಲಿ ಎರಡು ಅಂತಸ್ತು, ಇತರ ಪಂಚಾಯತುಗಳಲ್ಲಿ ಮೂರು, ನಗರಸಭೆಯ ವ್ಯಾಪ್ತಿಯಲ್ಲಿ ಐದು ಎಂದು ಆ ಆದೇಶ ಹೇಳಿತು. ಘಟ್ಟದ ಅಂಚಿನಲ್ಲಿ ಏಳುತ್ತಿದ್ದ ಎತ್ತರದ ಕಟ್ಟಡಗಳನ್ನು ಕಂಡು ಜನ ಆತಂಕಗೊಂಡಿದ್ದ ಕಾಲದಲ್ಲಿ ಬಂದ ಈ ಆದೇಶ ನೆಲದ ಸ್ವಭಾವವನ್ನು ಗಮನಿಸಿತು. ನೆಲದ ಮೇಲೆ ಮೊದಲೇ ನೆಲೆಸಿರುವ ಜೀವಿಗಳು ಅದರ ವಿಷಯವಾಗಿರಲಿಲ್ಲ.

ದೊಡ್ಡ ಯೋಜನೆಗಳಿಗೆ ಕೇಂದ್ರ ಸರಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆ ಅನ್ವಯಿಸುತ್ತದೆ. ಅದರಂತೆ ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರಿಗೆ ತಲಪಿದರೆ ಮಾತ್ರ ಪೂರ್ವಾನುಮತಿ ಬೇಕು. ಆಗ ಅರ್ಜಿದಾರನು ನಿವೇಶನದ ಸಸ್ಯ ಮತ್ತು ಪ್ರಾಣಿಗಳ ಬಗ್ಗೆಯೂ ಮಾಹಿತಿ ಕೊಡಬೇಕಾಗುತ್ತದೆ. ಆದರೆ ವಯನಾಡಿನ ಗುಡ್ಡಗಳನ್ನು ಬದಲಾಯಿಸುತ್ತಿರುವುದು ಬಹುಮಟ್ಟಿಗೆ ಸಣ್ಣ ಮತ್ತು ಮಧ್ಯಮ ಗಾತ್ರದ ರೆಸಾರ್ಟು, ಹೋಂಸ್ಟೇ, ವಿಲ್ಲಾಗಳು. ಅವು ಒಂದೊಂದಾಗಿ ಮಿತಿಯ ಕೆಳಗೆ ಉಳಿಯುತ್ತವೆ. ಒಂದು ಬೆಟ್ಟದ ಮೇಲೆ ಇಪ್ಪತ್ತು ಕಟ್ಟಡಗಳು ಪ್ರತ್ಯೇಕವಾಗಿ ಎದ್ದರೆ ಒಂದಕ್ಕೂ ಆ ಪ್ರಶ್ನೆ ಎದುರಾಗುವುದಿಲ್ಲ. ಇಂಥ ಕಾಮಗಾರಿಗಳಲ್ಲಿ ಒಟ್ಟು ಪರಿಣಾಮವನ್ನು ಅಳೆಯುವ ಹೊಣೆ ಯಾರಿಗೂ ಅಂಟಿಕೊಂಡಿಲ್ಲ.

ಕಲ್ಲಿನ ವಿಷಯದಲ್ಲಿ ಕಾನೂನು ಹೀಗೆ ಉದಾಸೀನವಾಗಿಲ್ಲ ಎಂಬುದನ್ನು ಸುಲ್ತಾನ್ ಬತ್ತೇರಿಯಲ್ಲಿಯೇ ಕಾಣಬಹುದು. ಹಿಂದೆ ಗಣಪತಿವಟ್ಟಂ ಎಂದೂ, ಜೈನರ ಬಾಯಲ್ಲಿ ಹನ್ನೆರಡು ಬೀದಿ ಎಂದೂ ಕರೆಯಲ್ಪಡುತ್ತಿದ್ದ ಈ ಪಟ್ಟಣದ ಜೈನ ಬಸದಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ ಇಂಥ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕದ ಗಡಿಯಿಂದ ಅಳತೆಯ ಪಟ್ಟಿ ಹಿಡಿದು ದೂರ ಲೆಕ್ಕ ಹಾಕುವುದು ಅಲ್ಲಿನ ಜನರಿಗೆ ಅಭ್ಯಾಸವಾಗಿದೆ. ಏಳು ನೂರು ವರ್ಷಗಳ ಕಲ್ಲಿಗೆ ಸಲ್ಲುವ ಈ ಗೌರವ ಸಮೀಪದ ಮರದಲ್ಲಿ ತಲೆತಲಾಂತರದಿಂದ ನೆಲೆಸಿರುವ ಸಾವಿರ ಬಾವಲಿಗಳಿಗೆ ಸಲ್ಲುವುದಿಲ್ಲ.

ಬಾವಲಿಗೆ ಭಾರತದ ಕಾನೂನಿನಲ್ಲಿ ದೊರೆತ ಸ್ಥಾನದ ಕತೆಯೂ ವಿಚಿತ್ರವಾದುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಇಲಿ, ಹೆಗ್ಗಣಗಳ ಜೊತೆಗೆ ಹಣ್ಣುತಿನ್ನುವ ಬಾವಲಿಗಳನ್ನು ಪೀಡೆಯೆಂದು ಹೆಸರಿಸಲಾಗಿತ್ತು. ಪೀಡೆ ಎಂದಮೇಲೆ ಕೊಲ್ಲಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದೇ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ಎರಡು ಜಾತಿಯ ಬಾವಲಿಗಳಿಗೆ ಮುಂದೆ ಸ್ಥಾನ ಸಿಕ್ಕಿತು. ಒಂದು, ತಮಿಳುನಾಡಿನ ತೇನಿ ಪ್ರದೇಶದ ಬೆಟ್ಟಗಳಲ್ಲಿ 1948ರಲ್ಲಿ ಸಂಗ್ರಹಿಸಲ್ಪಟ್ಟು 1972ರಲ್ಲಿ ಹೊಸ ಜಾತಿಯೆಂದು ಗುರುತಿಸಲ್ಪಟ್ಟ ಸಾಲಿಂ ಅಲಿ ಹಣ್ಣುಬಾವಲಿ. ಇನ್ನೊಂದು, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಬಾರಾಪೇಡೆ ಗುಹೆಗಳಿಂದ ವಿಜ್ಞಾನಿಗಳಿಗೆ ಪರಿಚಯವಾದ ರಾಟನ್‌ನ ಬಾವಲಿ.

2022ರ ತಿದ್ದುಪಡಿ ಕಾಯ್ದೆ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಪೀಡೆಗಳ ಅನುಸೂಚಿಯೇ ರದ್ದಾಯಿತು. ನಮ್ಮ ಊರುಗಳ ಆಲ, ಹುಣಸೆ ಮರಗಳಲ್ಲಿ ಗುಂಪುಗುಂಪಾಗಿ ನೇತಾಡುವ ದೊಡ್ಡ ಹಣ್ಣುಬಾವಲಿಯು ಎರಡನೆಯ ಅನುಸೂಚಿಗೆ ಬಂತು. ಈಗ ಅದನ್ನು ಗುಂಡಿಕ್ಕಿ ಕೊಲ್ಲುವುದು, ಬಲೆಯೊಡ್ಡಿ ಹಿಡಿಯುವುದು ಬೇಟೆಯ ಅಪರಾಧ. 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಯಾವುದೇ ಪ್ರದೇಶದಲ್ಲಿ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಪೀಡೆಯೆಂದು ಘೋಷಿಸುವ ಅಧಿಕಾರ ಕೇಂದ್ರ ಸರಕಾರದ ಕೈಯಲ್ಲಿ ಉಳಿದಿದೆ. ಅಂಥ ಅಧಿಸೂಚನೆ ಇಲ್ಲದಿರುವಾಗ ಪಂಚಾಯತಿಗಾಗಲಿ ತೋಟದ ಮಾಲಿಕನಿಗಾಗಲಿ ಆ ನಿರ್ಣಯ ಕೈಗೊಳ್ಳುವ ಹಕ್ಕಿಲ್ಲ.

ಆದರೂ ಕಾಯ್ದೆಯಲ್ಲಿ ಒಂದು ಬಿರುಕು ಉಳಿದಿದೆ. ಬೇಟೆ ಎಂಬ ಪದದ ವ್ಯಾಖ್ಯೆಯಲ್ಲಿ ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಯನ್ನು ಹಾಳುಗೆಡವುವುದು, ಗೂಡನ್ನು ಕದಡುವುದು ಸೇರಿದೆ. ಸಸ್ತನಿಗಳ ನೆಲೆಯ ಬಗ್ಗೆ ಅಂಥ ಮಾತಿಲ್ಲ. ಬಾವಲಿ ಹಾರುತ್ತದೆಯಾದರೂ ಮರಿ ಹಾಕಿ ಹಾಲೂಡಿಸುವ ಸಸ್ತನಿ. ಆದ್ದರಿಂದ ಹಕ್ಕಿಯ ಗೂಡಿಗೆ ನೇರವಾಗಿ ದೊರೆಯುವ ರಕ್ಷಣೆ ಬಾವಲಿಯ ನೆಲೆಗೆ ದೊರೆಯುವುದಿಲ್ಲ. ಖಾಸಗಿ ಜಮೀನಿನ ಮರವೊಂದನ್ನು ಹಗಲಿನಲ್ಲಿ ಕಡಿದು ಉರುಳಿಸಿ, ಅದರಲ್ಲಿದ್ದ ಬಾವಲಿಗಳು ಬಿಸಿಲಿನಲ್ಲಿ ದಿಕ್ಕುಗೆಟ್ಟು ಹಾರಿಹೋದರೆ, ಒಂದೂ ಸಾಯದಿದ್ದ ಪಕ್ಷದಲ್ಲಿ, ಮರ ಕಡಿದವನನ್ನು ಬೇಟೆಯ ಆರೋಪದಲ್ಲಿ ನ್ಯಾಯಾಲಯಕ್ಕೆ ತರುವುದು ಸುಲಭವಲ್ಲ. ಕೊಲ್ಲುವುದನ್ನು ತಡೆದ ಕಾನೂನು ಒಕ್ಕಲೆಬ್ಬಿಸುವುದನ್ನು ಸ್ಪಷ್ಟವಾಗಿ ತಡೆದಿಲ್ಲ.

ಒಕ್ಕಲೆಬ್ಬಿಸಿದರೆ ನಷ್ಟ ಯಾರಿಗೆ ಎಂಬುದಕ್ಕೆ ಕೇರಳದ ಅನುಭವವೇ ಉತ್ತರ ಕೊಡುತ್ತದೆ. 2018ರ ಮೇ ತಿಂಗಳಲ್ಲಿ ಕೋಝಿಕ್ಕೋಡು ಜಿಲ್ಲೆಯ ಪೇರಾಂಬ್ರದ ಸಮೀಪ ನಿಪಾ ರೋಗ ಕಾಣಿಸಿಕೊಂಡಿತು. ಸರಕಾರದ ಲೆಕ್ಕದಂತೆ 17 ಮಂದಿ ಬಲಿಯಾದರು. ಆಗ ಮೊದಲಿಗೆ ಪರೀಕ್ಷೆಗೆ ಹೋದ ಮಾದರಿಗಳಲ್ಲಿ ಬಾವಿಯಲ್ಲಿದ್ದ, ಕೀಟ ತಿನ್ನುವ ಸಣ್ಣ ಬಾವಲಿಗಳವೂ ಇದ್ದವು; ವೈರಾಣು ಸಿಗಲಿಲ್ಲ. ಅನಂತರ ಹಣ್ಣುಬಾವಲಿಗಳನ್ನು ಪರೀಕ್ಷಿಸಿದಾಗ ಮೂಲ ತಿಳಿಯಿತು. ಬಾವಲಿ ಎಂದರೆ ಎಲ್ಲವೂ ಒಂದೇ ಎಂಬ ಭಾವನೆ ಆಪತ್ತಿನ ಹೊತ್ತಿನಲ್ಲಿಯೂ ದಾರಿ ತಪ್ಪಿಸಬಲ್ಲುದು ಎಂಬುದಕ್ಕೆ ಇದು ನಿದರ್ಶನ. ಭಾರತದಲ್ಲಿ ಸುಮಾರು 130 ಜಾತಿಯ ಬಾವಲಿಗಳಿವೆ. ಅವುಗಳಲ್ಲಿ ಹಣ್ಣು ತಿನ್ನುವವು ಕೆಲವೇ. ಉಳಿದವುಗಳಲ್ಲಿ ಹೆಚ್ಚಿನವು ರಾತ್ರಿಯಿಡೀ ಸೊಳ್ಳೆ, ಪತಂಗ, ಬೆಳೆಯ ಕೀಟಗಳನ್ನು ಹಿಡಿದು ತಿನ್ನುತ್ತವೆ.

2023ರ ಸೆಪ್ಟೆಂಬರಿನಲ್ಲಿ ಕೋಝಿಕ್ಕೋಡಿನಲ್ಲಿ ರೋಗ ಮತ್ತೆ ಬಂತು. ಆರು ಮಂದಿಗೆ ತಗಲಿ ಇಬ್ಬರು ತೀರಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ, ಆಗ ಆರೋಗ್ಯ ಸಚಿವೆಯಾಗಿದ್ದ ವೀಣಾ ಜಾರ್ಜ್ ಅವರು ವಯನಾಡಿನ ಸುಲ್ತಾನ್ ಬತ್ತೇರಿ ಮತ್ತು ಮಾನಂದವಾಡಿ ಪ್ರದೇಶಗಳ ಬಾವಲಿಗಳಲ್ಲಿ ನಿಪಾ ಇರುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಗಳು ಸೂಚಿಸಿವೆಯೆಂದು ತಿಳಿಸಿದರು. ಕಂಡುಬಂದುದು ಪ್ರತಿಕಾಯಗಳು; ಅಂದರೆ ಆ ಬಾವಲಿಗಳು ಎಂದೋ ವೈರಾಣುವನ್ನು ಎದುರಿಸಿದ್ದವು ಎಂಬ ಗುರುತು. ಮರದಲ್ಲಿ ಬಾವಲಿ ಇದ್ದ ಮಾತ್ರಕ್ಕೆ ಕೆಳಗಿನ ಮನೆಗೆ ರೋಗ ಬರುವುದಿಲ್ಲ. ಜೊಲ್ಲು, ಮೂತ್ರ ತಗಲಿದ ಹಣ್ಣನ್ನು ತಿಂದಾಗ, ಸೋಂಕಿದ ಪ್ರಾಣಿಯನ್ನೋ ರೋಗಿಯನ್ನೋ ಹತ್ತಿರದಿಂದ ಮುಟ್ಟಿದಾಗ ಅಪಾಯ. ಹೀಗಿದ್ದರೂ ಸುದ್ದಿ ಹರಡಿದೊಡನೆ ಮೊದಲು ಏಳುವ ಮಾತು ಮರ ಕಡಿಯೋಣ, ಪಟಾಕಿ ಹಚ್ಚಿ ಓಡಿಸೋಣ ಎಂಬುದು. ಕಟ್ಟಡ ಕಟ್ಟಲು ಹೊರಟವನಿಗೆ ಈ ಭಯವೇ ಒಂದು ನೆಪವಾಗಿ ಒದಗುತ್ತದೆ.

ಓಡಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ಎರಡು ದೂರದ ಉದಾಹರಣೆಗಳಿವೆ. ಉಗಾಂಡಾದ ಕಿಟಾಕಾ ಗಣಿಯಲ್ಲಿ 2007ರಲ್ಲಿ ಕಾರ್ಮಿಕರಿಗೆ ಮಾರ್ಬರ್ಗ್ ಎಂಬ ಮಾರಕ ರೋಗ ತಗಲಿತು. ಮರುವರ್ಷ ಅಲ್ಲಿನ ಬಾವಲಿಗಳನ್ನು ನಿರ್ನಾಮ ಮಾಡಲಾಯಿತು. ಆದರೆ 2012ರ ಹೊತ್ತಿಗೆ ಹೊಸ ಬಾವಲಿಗಳು ಬಂದು ನೆಲೆಸಿದ್ದವು. ಅವುಗಳಲ್ಲಿ ಸೋಂಕಿನ ಪ್ರಮಾಣ ಮೊದಲಿನ ಸುಮಾರು ಶೇ. 5ರಿಂದ ಶೇ. 13ಕ್ಕೆ ಏರಿತ್ತು. ಆ ವರ್ಷವೇ ಆ ಪ್ರದೇಶದಲ್ಲಿ ರೋಗ ಮರುಕಳಿಸಿತು. ಎರಡನೆಯದು ಆಸ್ಟ್ರೇಲಿಯಾದ್ದು. ಅಲ್ಲಿ ನಿಪಾದ ಸಮೀಪ ಬಂಧುವಾದ ಹೆಂಡ್ರಾ ವೈರಾಣು ಹಣ್ಣುಬಾವಲಿಗಳಿಂದ ಕುದುರೆಗಳಿಗೆ, ಕುದುರೆಗಳಿಂದ ಮನುಷ್ಯರಿಗೆ ದಾಟುತ್ತದೆ. ಸುಮಾರು 25 ವರ್ಷಗಳ ವಿವರಗಳನ್ನು ಒಟ್ಟುಗೂಡಿಸಿ 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಒಂದು ಸಂಗತಿಯನ್ನು ತೋರಿಸಿತು: ಚಳಿಗಾಲದ ಆಹಾರ ಒದಗಿಸುತ್ತಿದ್ದ ಕಾಡು ಕಡಿಮೆಯಾದಂತೆ ಬಾವಲಿಗಳು ಹೊಲ, ಊರುಗಳ ಬಳಿಗೆ ಬಂದು ನೆಲೆಸಿದವು, ಆಹಾರದ ಕೊರತೆಯ ಬಳಿಕ ರೋಗ ದಾಟುವುದು ಹೆಚ್ಚಿತು, ಉಳಿದ ಕಾಡು ಹೇರಳವಾಗಿ ಹೂಬಿಟ್ಟ ಚಳಿಗಾಲಗಳಲ್ಲಿ ದಾಟಲಿಲ್ಲ.

ಇದರಿಂದ ಹೊರಡುವ ತಾತ್ಪರ್ಯ ಸರಳವಾದುದು. ಬಾವಲಿಯ ನೆಲೆ ಎಲ್ಲಿದೆಯೆಂದು ತಿಳಿದು ಅದನ್ನು ಅದರ ಪಾಡಿಗೆ ಬಿಡುವುದು ಊರಿಗೆ ಕ್ಷೇಮ. ನೆಲೆ ಕಳೆದುಕೊಂಡ ಬಾವಲಿ ಮಾಯವಾಗುವುದಿಲ್ಲ. ಶಾಲೆಯ ಹಿಂದಿನ ಮರಕ್ಕೋ, ನೆರೆಮನೆಯ ಪೇರಳೆ, ರಂಬೂಟಾನ್ ಗಿಡಗಳಿಗೋ ಬರುತ್ತದೆ. ಹಾಗಾಗಿ ಕಟ್ಟಡಕ್ಕೆ ಪರವಾನಿಗೆ ಕೊಡುವ ಮುನ್ನ ನಡೆಯುವ ಬಾವಲಿ ಸಮೀಕ್ಷೆಯನ್ನು ಪ್ರಾಣಿಪ್ರಿಯರ ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ವಯನಾಡಿನಂಥ ಜಿಲ್ಲೆಯಲ್ಲಿ ಅದು ಸಾರ್ವಜನಿಕ ಆರೋಗ್ಯದ ಕೆಲಸ.

ಇಂಥ ಸಮೀಕ್ಷೆ ಹೇಗಿರುತ್ತದೆ ಎಂಬುದನ್ನು ಬ್ರಿಟನ್ನಿನಿಂದ ತಿಳಿಯಬಹುದು. ಅಲ್ಲಿ 1981ರ ವನ್ಯಜೀವಿ ಕಾಯ್ದೆ ಮತ್ತು ಅನಂತರದ ನಿಯಮಗಳಂತೆ ಎಲ್ಲ ಜಾತಿಯ ಬಾವಲಿಗಳಿಗೂ ರಕ್ಷಣೆಯಿದೆ. ಬಾವಲಿ ಆ ಹೊತ್ತಿನಲ್ಲಿ ಒಳಗಿರಲಿ ಇಲ್ಲದಿರಲಿ, ಅದರ ನೆಲೆಗೂ ರಕ್ಷಣೆಯಿದೆ. ಹಳೆಯ ಮನೆ ಕೆಡವಲು ಅಥವಾ ಮಾಡು ಬದಲಿಸಲು ಅರ್ಜಿ ಬಂದಾಗ, ಬಾವಲಿ ಇರುವ ಸಂಭವ ಕಂಡರೆ ಸ್ಥಳೀಯ ಆಡಳಿತ ಸಮೀಕ್ಷೆ ಕೇಳುತ್ತದೆ. ಮೊದಲನೆಯ ಹಂತ ಹಗಲಿನ ತಪಾಸಣೆ: ಅಟ್ಟದಲ್ಲಿ ಹಿಕ್ಕೆ, ಗೋಡೆಯ ಮೇಲೆ ಕಲೆ, ಹೆಂಚಿನ ಸಂದು, ಮರದ ಪೊಟರೆ. ಗುರುತು ಸಿಕ್ಕಿದರೆ ಎರಡನೆಯ ಹಂತ: ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಅವಧಿಯಲ್ಲಿ ಮುಸ್ಸಂಜೆ ಕಟ್ಟಡದ ಸುತ್ತ ಕುಳಿತು ಹೊರಬರುವ ಬಾವಲಿಗಳನ್ನು ಎಣಿಸುವುದು, ಮನುಷ್ಯನ ಕಿವಿಗೆ ಕೇಳದ ಅವುಗಳ ದನಿಯನ್ನು ಯಂತ್ರದಿಂದ ಹಿಡಿದು ಜಾತಿಯನ್ನು ಗುರುತಿಸುವುದು. ನೆಲೆ ಇದ್ದರೆ ಪರಿಹಾರ ಮಾರ್ಗಗಳನ್ನು ಸೂಚಿಸಿ ಪ್ರತ್ಯೇಕ ಅನುಮತಿ ಪಡೆಯಬೇಕು.

ಈ ಕ್ರಮಕ್ಕೆ ಬಲ ಬಂದುದು ನ್ಯಾಯಾಲಯದಿಂದ. 2009ರಲ್ಲಿ ವೂಲಿ ಎಂಬವರು ಚೆಶೈರ್ ಈಸ್ಟ್ ಆಡಳಿತದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಬಾವಲಿಗಳಿದ್ದ ಮನೆಯೊಂದನ್ನು ಕೆಡವಿ ಹೊಸದನ್ನು ಕಟ್ಟಲು ನೀಡಿದ್ದ ಅನುಮತಿ ರದ್ದಾಯಿತು. ಕೆಡಹುವುದಕ್ಕೆ ಸಾರ್ವಜನಿಕ ಹಿತದ ಬಲವಾದ ಕಾರಣವಿದೆಯೇ, ಬೇರೆ ದಾರಿಯಿಲ್ಲವೇ, ಆ ಜಾತಿಯ ಉಳಿವಿಗೆ ಧಕ್ಕೆಯಾಗದೇ ಎಂಬ ಮೂರು ಪ್ರಶ್ನೆಗಳನ್ನು ಆಡಳಿತ ಪರಿಗಣಿಸಿರಲಿಲ್ಲ ಎಂಬುದೇ ಕಾರಣ. ಆದರೆ 2011ರಲ್ಲಿ ಹ್ಯಾಂಪ್‌ಶೈರಿನ ಬಸ್ಸು ಮಾರ್ಗದ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಯೋಜನೆಯ ಪರವಾಗಿ ತೀರ್ಪಿತ್ತಿತು. ಬಾವಲಿ ಇದೆಯೆಂದ ಮಾತ್ರಕ್ಕೆ ಕಾಮಗಾರಿ ನಿಲ್ಲುವುದಿಲ್ಲ. ಬಾವಲಿಯ ವಿಷಯವನ್ನು ಆಲೋಚಿಸದೆ ಕಾಮಗಾರಿ ಆರಂಭವಾಗುವಂತಿಲ್ಲ. ಎರಡು ತೀರ್ಪುಗಳನ್ನು ಜೊತೆಯಾಗಿ ಓದಿದರೆ ಹೊಮ್ಮುವ ನೀತಿ ಇದು.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಬ್ರಿಟನ್ನೇ ಉದಾಹರಣೆ. ಬಕಿಂಗ್‌ಹ್ಯಾಂಶೈರಿನಲ್ಲಿ ಅತಿವೇಗದ ರೈಲುಮಾರ್ಗದ ಮೇಲೆ ಬಾವಲಿಗಳ ರಕ್ಷಣೆಗಾಗಿ ಸುಮಾರು ಒಂದು ಕಿಲೋಮೀಟರ್ ಉದ್ದದ ಹೊದಿಕೆ ಕಟ್ಟಲು 10 ಕೋಟಿ ಪೌಂಡಿಗೂ ಹೆಚ್ಚು ವೆಚ್ಚವಾಗುತ್ತಿದೆಯೆಂದು 2024ರ ನವೆಂಬರಿನಲ್ಲಿ ಆ ಸಂಸ್ಥೆಯ ಅಧ್ಯಕ್ಷರೇ ದೂರಿಕೊಂಡರು. ಅಷ್ಟು ಹಣ ವಯನಾಡಿನಲ್ಲಿ ಯಾರ ಬಳಿಯೂ ಇಲ್ಲ, ಬೇಕಾಗಿಯೂ ಇಲ್ಲ. ಅಲ್ಲಿಂದ ಎರವಲು ತರಬೇಕಾದದ್ದು ವೆಚ್ಚವನ್ನಲ್ಲ, ಮೊದಲ ಹಂತದ ಹಗಲಿನ ತಪಾಸಣೆಯನ್ನು.

ಎಣಿಕೆ ಮೊದಲು, ರಕ್ಷಣೆ ಅನಂತರ ಎಂಬ ಕ್ರಮ ಕನ್ನಡ ನಾಡಿಗೆ ಹೊಸದಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಇರುವ, 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಎಲೆಮೂಗಿನ ಬಾವಲಿಗೆ ಜಗತ್ತಿನಲ್ಲಿ ಬೇರೆ ನೆಲೆ ಗೊತ್ತಿಲ್ಲ. ಸಂಶೋಧಕರು ಗುಹೆಗಳಿಗೆ ಹೋಗಿ ಎಣಿಸಿದಾಗ ಉಳಿದಿರುವುದು ಇನ್ನೂರಕ್ಕಿಂತ ಕಡಿಮೆ ಎಂದು ತಿಳಿಯಿತು. ಸುತ್ತಲಿನ ಗ್ರಾನೈಟ್ ಗಣಿಗಾರಿಕೆಯೇ ಕಂಟಕವೆಂದು ಸ್ಪಷ್ಟವಾಯಿತು. ಆ ಲೆಕ್ಕ ಕೈಯಲ್ಲಿದ್ದುದರಿಂದಲೇ ಗಣಿಯನ್ನು ತಡೆಯಬೇಕೆಂಬ ಬೇಡಿಕೆಗೆ ಅರಣ್ಯ ಇಲಾಖೆ ಕಿವಿಗೊಟ್ಟಿತು. ಬಾರಾಪೇಡೆ ಗುಹೆಗಳಿರುವ ಭೀಮಗಡದ ಕಾಡು 2011ರಲ್ಲಿ ವನ್ಯಜೀವಿಧಾಮವಾಗುವಾಗಲೂ ಆ ಅಪರೂಪದ ಬಾವಲಿಯ ದಾಖಲೆ ಒಂದು ಮುಖ್ಯ ಆಧಾರವಾಗಿತ್ತು. ದಾಖಲೆಯಿಲ್ಲದ ಜೀವಿಯ ಪರವಾಗಿ ವಾದಿಸಲು ಯಾವ ವಕೀಲನಿಗೂ ಸಾಧ್ಯವಿಲ್ಲ.

ಇಲ್ಲಿ ವಯನಾಡಿನ ರೈತನ ಆಕ್ಷೇಪವನ್ನೂ ಕೇಳಬೇಕು. ಸಂರಕ್ಷಿತ ಅರಣ್ಯಗಳ ಸುತ್ತ ಒಂದು ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಿರಬೇಕೆಂದು ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ಹೇಳಿದಾಗ ಜಿಲ್ಲೆಯಲ್ಲಿ ಹರತಾಳಗಳು ನಡೆದವು. 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯವೇ ಆ ಆದೇಶವನ್ನು ಸಡಿಲಿಸಿತು. ಪರಿಸರದ ಹೆಸರಿನಲ್ಲಿ ಬರುವ ಪ್ರತಿ ನಿಯಮವೂ ತನ್ನ ಎರಡು ಎಕರೆಯಲ್ಲಿ ಮಗನಿಗೊಂದು ಮನೆ ಕಟ್ಟುವ ಹಕ್ಕನ್ನು ಕಸಿಯುತ್ತದೆ ಎಂಬ ಭಯ ಸುಳ್ಳಲ್ಲ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿದು ನೂರಾರು ಜನ ಪ್ರಾಣ ಕಳೆದುಕೊಂಡ ಮೇಲೆ, ಬದುಕುಳಿದವರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಬಡಾವಣೆಗೆ 2025ರ ಮಾರ್ಚ್ 27ರಂದು ಶಂಕುಸ್ಥಾಪನೆಯಾಯಿತು. ಅಂಥ ಕುಟುಂಬಗಳಿಗೆ ಬಾವಲಿ ಹೊರಬರುವ ಋತುವಿಗಾಗಿ ಕಾಯಿರಿ ಎನ್ನುವುದು ಕ್ರೌರ್ಯ. ಆದ್ದರಿಂದ ನಿಯಮದಲ್ಲಿ ತಾರತಮ್ಯ ಬೇಕು. ವಾಸದ ಮನೆಗೆ ಒಂದು ಸರಳ ಪರಿಶೀಲನೆ ಸಾಕು. ವಾಣಿಜ್ಯ ಕಟ್ಟಡಕ್ಕೆ, ಬಂಡೆ ಒಡೆಯುವ ಕೆಲಸಕ್ಕೆ, ದೊಡ್ಡ ಮರಗಳ ಕಡಿತಕ್ಕೆ ಪೂರ್ಣ ಸಮೀಕ್ಷೆ ಬೇಕು. ಸಮೀಕ್ಷೆಯ ಖರ್ಚು ಲಾಭ ಪಡೆಯುವವನದಾಗಬೇಕು.

ಇದಕ್ಕೆ ಹೊಸ ಕಾಯ್ದೆ ಬರಲೆಂದು ಕಾದಿರಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೆಯ ಕಲಮಿನಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಆ ಸಮಿತಿ ಊರಿನ ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ದೇಶದ ಬಹಳಷ್ಟು ಕಡೆ ಈ ಕೆಲಸ ನಡೆಯದಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ನೀಡಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ವಿಧಿಸುವುದಾಗಿ ಎಚ್ಚರಿಸಿತ್ತು. ದಂಡದ ಹೆದರಿಕೆಯಿಂದ ಸಿದ್ಧವಾದ ದಾಖಲೆ ಕಪಾಟಿನಲ್ಲಿ ಉಳಿದರೆ ಪ್ರಯೋಜನವಿಲ್ಲ. ಊರಿನ ಯಾವ ಮರದಲ್ಲಿ, ಯಾವ ಗುಹೆಯಲ್ಲಿ, ಯಾವ ಪಾಳು ಕಟ್ಟಡದಲ್ಲಿ ಬಾವಲಿಗಳಿವೆ ಎಂಬುದನ್ನು ಅದರಲ್ಲಿ ಸರ್ವೆ ನಂಬ್ರ ಸಹಿತ ಬರೆದಿಟ್ಟರೆ, ಪರವಾನಿಗೆಯ ಅರ್ಜಿ ಬಂದಾಗ ಹೋಲಿಸಿ ನೋಡಲು ಗುಮಾಸ್ತನಿಗೆ ಹತ್ತು ನಿಮಿಷ ಸಾಕು. ಈಗ ಅರ್ಜಿಗಳು ಗಣಕಯಂತ್ರದ ಮೂಲಕವೇ ಸಾಗುತ್ತವೆ; ಸಣ್ಣ ಮನೆಗಳಿಗೆ ಸ್ವಯಂ ಘೋಷಣೆಯ ಮೇಲೆ ಒಡನೆ ಪರವಾನಿಗೆ ದೊರೆಯುತ್ತದೆ. ಆ ಘೋಷಣೆಯಲ್ಲಿ ಒಂದು ಸಾಲು ಹೆಚ್ಚಿಸಿದರೆ ಪ್ರಶ್ನೆ ಪ್ರತಿ ನಿವೇಶನವನ್ನೂ ತಲಪುತ್ತದೆ.

ನೆಲೆ ಇರುವುದು ತಿಳಿದಮೇಲೆ ಪಂಚಾಯತು ವಿಧಿಸಬಹುದಾದ ಷರತ್ತುಗಳೂ ಸಾಧಾರಣವಾದವು. ದೊಡ್ಡ ಮರವನ್ನು ಬಿಟ್ಟು ಕಟ್ಟಡದ ಮೂಲೆಯನ್ನು ಸ್ವಲ್ಪ ಸರಿಸುವುದು, ಮರಿಗಳಿರುವ ತಿಂಗಳುಗಳಲ್ಲಿ ಕಡಿಯದಿರುವುದು, ಮಾಡು ಬಿಚ್ಚುವ ಮೊದಲು ಬಾವಲಿಗಳು ತಾವಾಗಿಯೇ ಹೊರಹೋಗಲು ಅವಕಾಶ ಕೊಡುವುದು, ನೆಲೆಯ ಕಡೆಗೆ ರಾತ್ರಿ ಪ್ರಖರ ದೀಪ ಹಾಕದಿರುವುದು, ಅದರ ಕೆಳಗೆ ತೆರೆದ ಬಾವಿ ಮತ್ತು ಹಣ್ಣಿನ ಗಿಡ ಇಲ್ಲದಂತೆ ನೋಡಿಕೊಳ್ಳುವುದು. ವಿಶೇಷ ಮಹತ್ವದ ನೆಲೆಯಾದರೆ ಅದೇ ಕಾಯ್ದೆಯ 37ನೆಯ ಕಲಮಿನಂತೆ ಜೀವವೈವಿಧ್ಯ ಪರಂಪರೆಯ ತಾಣವೆಂದು ರಾಜ್ಯ ಸರಕಾರ ಘೋಷಿಸಬಹುದು. ಹಾನಿಯ ಪೂರ್ಣ ಪುರಾವೆ ಸಿಗುವವರೆಗೆ ಕೈಕಟ್ಟಿ ಕೂರಬಾರದೆಂಬ ಮುನ್ನೆಚ್ಚರಿಕೆಯ ತತ್ವವನ್ನು ಸುಪ್ರೀಂ ಕೋರ್ಟು 1996ರ ವೆಲ್ಲೂರು ಪ್ರಕರಣದಲ್ಲಿಯೇ ದೇಶದ ಕಾನೂನಿನ ಭಾಗವೆಂದು ಒಪ್ಪಿದೆ. ಪಂಚಾಯತಿನ ಕಾರ್ಯದರ್ಶಿಗೆ ಆಧಾರ ಬೇಕಿದ್ದರೆ ಅಲ್ಲಿದೆ.

ಗಡಿನಾಡಿನ ಕನ್ನಡ ಶಾಲೆಗಳ ಮನೆಗಳಿಗೂ ಈ ವಿಷಯ ದೂರದ್ದಲ್ಲ. ಬಾವಲಿ ಸಿಪ್ಪೆಯ ಸಿಹಿಯನ್ನು ಹೀರಿ ಬೀಳಿಸಿದ ಅಡಿಕೆಯನ್ನು ಬೆಳಿಗ್ಗೆ ಹೆಕ್ಕುವುದು ಕಾಸರಗೋಡಿನ ಮಕ್ಕಳಿಗೆ ಗೊತ್ತಿರುವ ಕೆಲಸ. ಹಾಗೆ ಹೆಕ್ಕುವಾಗ ಕೈಗೆ ಗವಸು ಇರಬೇಕು, ಅನಂತರ ಸಾಬೂನು ಹಚ್ಚಿ ಕೈ ತೊಳೆಯಬೇಕು, ಕಚ್ಚಿದ ಗುರುತಿರುವ ಹಣ್ಣನ್ನು ತಿನ್ನಬಾರದು, ನೆಲಕ್ಕೆ ಬಿದ್ದ ಬಾವಲಿಯನ್ನು ಮುಟ್ಟಬಾರದು ಎಂಬುದನ್ನು ಮನೆಯಲ್ಲಿ ಹೇಳಿಕೊಡಬೇಕು. ಅದರೊಂದಿಗೆ, ಆ ಬಾವಲಿಗಳು ಹಗಲಿನಲ್ಲಿ ಎಲ್ಲಿ ಇರುತ್ತವೆಯೆಂದು ಮಕ್ಕಳಿಗೆ ಸಾಮಾನ್ಯವಾಗಿ ಹಿರಿಯರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ದೂರದಿಂದ ನೋಡಿ ಎಣಿಸಿ ಬರೆದ ಆ ತಿಳಿವಳಿಕೆ ಪಂಚಾಯತಿನ ದಾಖಲೆಗೆ ಸೇರಬೇಕಾದದ್ದು.

ಸೇರಿದೆಯೇ ಎಂದು ಪರಿಶೀಲಿಸುವ ಹಕ್ಕು ಎಲ್ಲರಿಗೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕದೊಂದಿಗೆ ತಮ್ಮ ಪಂಚಾಯತಿನ ಜೀವವೈವಿಧ್ಯ ದಾಖಲೆಯ ಪ್ರತಿಯನ್ನು ಕೇಳಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ದಾಖಲೆಯಲ್ಲಿ ಬಾವಲಿಯ ನೆಲೆಗಳಿಲ್ಲದಿದ್ದರೆ ಸೇರಿಸಬೇಕೆಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು, ಲಿಖಿತ ಮನವಿಯನ್ನೂ ಕೊಡಬಹುದು. ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಮುಂದಿನ ಗ್ರಾಮಸಭೆಯ ದಿನಾಂಕವನ್ನು ವಾರ್ಡಿನ ಸದಸ್ಯರಲ್ಲಿ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು.